ಸಂತೋಷಕ್ಕೆ ಮುಂಚಿನ ಎರಡು ವಚನ

ನವೆಂಬರ್ ಮುಗಿಯುತ್ತ ಬಂದಂತೆ ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಎರಡು ಲೆಕ್ಕ ಒಟ್ಟಿಗೆ ಶುರುವಾಗುತ್ತವೆ. ಒಂದು ಚರ್ಚಿನ ಲೆಕ್ಕ. ಕ್ರಿಸ್ಮಸ್‌ಗೆ ಹಿಂದಿನ ನಾಲ್ಕು ಭಾನುವಾರಗಳ ಆಗಮನ ಕಾಲ ಅದು. ಹಬ್ಬ ಯಾವ ವಾರ ಬೀಳುತ್ತದೆ ಎಂಬುದನ್ನು ನೋಡಿಕೊಂಡು 22 ದಿನಕ್ಕೂ ಮುಗಿಯಬಹುದು, 28 ದಿನಕ್ಕೂ ಹೋಗಬಹುದು. ಗುರುಗಳ ಉಡುಪು ನೇರಳೆ, ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಹಾಡುವುದಿಲ್ಲ, ಪ್ರವಚನವೆಲ್ಲ ಕಾಯುವುದರ ಬಗ್ಗೆ. ಇನ್ನೊಂದು ಅಡುಗೆಮನೆಯ ಲೆಕ್ಕ. ಕೇಕಿನ ಹಣ್ಣು ನೆನೆಹಾಕಬೇಕು, ಅಕ್ಕಿ ತೊಳೆದು ಒಣಗಿಸಬೇಕು, ಕಿಡ್ಯೊ, ನೆವ್ರ್ಯೊ, ತುಕ್ಡಿ, ಚಕ್ಕುಲಿ, ಅಚ್ಚಿನ ಕೊಕ್ಕಿಸಾಂ ಎಂದು ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ ಪಟ್ಟಿ ಉದ್ದವಾಗುತ್ತ ಹೋಗುತ್ತದೆ. ಬಾಗಿಲಿಗೆ ನಕ್ಷತ್ರ, ಅಂಗಳಕ್ಕೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ಸಂಜೆ ಕ್ಯಾರಲ್ ಅಭ್ಯಾಸ, ನಡುವೆ ಮಕ್ಕಳ ಶಾಲಾ ವಾರ್ಷಿಕೋತ್ಸವ, ದುಬೈಯಿಂದ ಬರುವವರನ್ನು ಕರೆತರಲು ಬಜ್ಪೆ ವಿಮಾನ ನಿಲ್ದಾಣಕ್ಕೆ ಓಟ. ಮೊದಲನೆಯ ಲೆಕ್ಕದ ಸಂತೋಷ ಎರಡನೆಯದರ ಗಡಿಬಿಡಿಯಲ್ಲಿ ಕಳೆದುಹೋಗುತ್ತದೆ ಎಂಬುದು ವರ್ಷ ವರ್ಷವೂ ಕೇಳುವ ಮಾತು. ಅದು ಎಷ್ಟು ನಿಜ ಎಂದು ನೋಡಲು ಇಲ್ಲಿ ಇಬ್ಬರನ್ನು ಎದುರುಬದುರು ಕೂರಿಸಿದ್ದೇನೆ. ಒಬ್ಬರು ಬಲ್ಮಠದ ಕಡೆಯ ಸಿ.ಎಸ್.ಐ. ಸಭೆಗೆ ಸೇರಿದ ನಿವೃತ್ತ ಕನ್ನಡ ಟೀಚರ್. ಇನ್ನೊಬ್ಬರು ಬಿಜೈ ಕಡೆಯ ಕಥೋಲಿಕರು, ಬ್ಯಾಂಕಿನಲ್ಲಿ ಅಧಿಕಾರಿ, ತಮ್ಮ ವಾಡೊದ, ಅಂದರೆ ಚರ್ಚಿನ ವಠಾರದ, ಗುರ್ಕಾರರು (ಮುಖಂಡರು). ಇಬ್ಬರೂ ಕಲ್ಪಿತ ವ್ಯಕ್ತಿಗಳು, ಆದರೆ ಇವರ ತಕರಾರು ಊರಿನಲ್ಲಿ ಇರುವಂಥದ್ದೇ. ಬ್ಯಾಂಕಿನವರ ಮನೆಮಾತಾದ ಕೊಂಕಣಿ ಟೀಚರಿಗೆ ತಿಳಿದರೂ ನಾಲಗೆ ಹೊರಳುವುದಿಲ್ಲ. ಹಾಗಾಗಿ ಮಾತು ಕನ್ನಡದಲ್ಲಿ.

ಬ್ಯಾಂಕಿನವರು: ಟೀಚರ್, ನನ್ನ ವಾದದಲ್ಲಿ ಸುತ್ತುಬಳಸು ಇಲ್ಲ. ಗಡಿಬಿಡಿ ಇರುವಲ್ಲಿ ಆತ್ಮಕ್ಕೆ ಸಂತೋಷ ಇರುವುದಿಲ್ಲ. ಸಂತೋಷ ಬೇಕಾದರೆ ಕೆಲಸ ಬಿಟ್ಟು ಕೂರಬೇಕು. ಆಗಮನ ಕಾಲ ಬೆಳೆದು ಬಂದದ್ದೂ ಹಾಗೆಯೇ. ಈಗಿನ ಫ್ರಾನ್ಸಿನ ಸಭೆಗಳಲ್ಲಿ ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ ಇರಬೇಕೆಂದು 581ರಲ್ಲಿ ಮಾಕೋನ್ ಎಂಬಲ್ಲಿ ಸೇರಿದ ಬಿಷಪರು ವಿಧಿಸಿದ್ದರು. ನಾವು ಅದನ್ನು ಪೂರಾ ಮಗುಚಿ ಹಾಕಿದ್ದೇವೆ. ಉಪವಾಸದ ತಿಂಗಳಲ್ಲಿ ಬಾಣಲೆ ಒಲೆಯಿಂದ ಇಳಿಯುವುದಿಲ್ಲ. ಡಿಸೆಂಬರ್ ಮೊದಲ ವಾರದಿಂದಲೇ ಕೇಕು ತಿಂದು ತಿಂದು 25ರ ಸಂಜೆಗೆ ಹಬ್ಬವೇ ಸಾಕಾಗಿರುತ್ತದೆ. ಇನ್ನು ನಕ್ಷತ್ರ ಸ್ಪರ್ಧೆ, ಗೋದಲಿ ಸ್ಪರ್ಧೆ, ಕ್ಯಾರಲ್ ಸ್ಪರ್ಧೆ. ಮೂರಕ್ಕೂ ತೀರ್ಪುಗಾರರನ್ನು ಹುಡುಕುವುದರಲ್ಲಿ ಗುರ್ಕಾರನ ಆಗಮನ ಕಾಲ ಮುಗಿಯುತ್ತದೆ. ಇದರ ನಡುವೆ ಯಾರಾದರೂ 'ಸಂತೋಷವಾಗಿದ್ದೀರಾ' ಎಂದು ಕೇಳಿದರೆ ಕೋಪ ಬರುತ್ತದೆ. ಇಷ್ಟನ್ನೂ ಕಡಿದು ಹಾಕಿ, ಧ್ಯಾನಕೂಟಕ್ಕೆ ಹೋಗಿ, ಬಾಯಿ ಮುಚ್ಚಿ ನಾಲ್ಕು ದಿನ ಕೂತರೆ ಮಾತ್ರ ಏನಾದರೂ ಸಿಕ್ಕೀತು.

ಟೀಚರ್: ಸ್ಪರ್ಧೆ ಬಿಡುವುದಾದರೆ ಇವತ್ತೇ ಬಿಡಿ ಮಾರಾಯ್ರೆ, ನನ್ನ ಆಕ್ಷೇಪ ಇಲ್ಲ. ಆದರೆ 'ಕೆಲಸ ಬಿಟ್ಟು ಕೂರಬೇಕು' ಎಂದಿರಲ್ಲ, ಯಾರು ಕೂರಬೇಕು? ನೀವು ಬಿಟ್ಟ ಕೆಲಸ ಎಲ್ಲಿಗೆ ಹೋಗುತ್ತದೆ? ಕೇಂದ್ರ ಸರಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂಬುದರ ಸಮೀಕ್ಷೆ ಮಾಡಿತು. ಆರು ವರ್ಷ ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ಶೇಕಡಾ 81.2, ಗಂಡಸರು ಶೇಕಡಾ 26.1. ಕೈಹಾಕಿದವರನ್ನಷ್ಟೇ ತೆಗೆದುಕೊಂಡರೂ ಹೆಂಗಸರಿಗೆ ದಿನಕ್ಕೆ 299 ನಿಮಿಷ, ಗಂಡಸರಿಗೆ 97. ಇದು ಬರಿಯ ದಿನಗಳ ಲೆಕ್ಕ, ಕುಸ್ವಾರ್ ಇದರ ಮೇಲೆ ಬೀಳುವುದು. ಗದ್ದಲದಿಂದ ಹೊರಗೆ ಬನ್ನಿ ಎಂಬ ಉಪದೇಶವನ್ನು ಪಾಲಿಸಲು ಆಗುವುದು, ತಾನು ಹೊರಗೆ ಹೋದಾಗ ಒಲೆ ನೋಡಿಕೊಳ್ಳುವವರು ಇನ್ನೊಬ್ಬರು ಇದ್ದರೆ. ಅಂದರೆ ನಿಮ್ಮ ಧ್ಯಾನಕೂಟದ ಮೌನವನ್ನೂ ಯಾರೋ ಒಬ್ಬರು ಅಡುಗೆಮನೆಯಲ್ಲಿ ನಿಂತು ದುಡಿದು ಕೊಡುತ್ತಾರೆ. ನನಗೆ ಕಾಣುವುದು ಇಷ್ಟು: ಈ ನಾಲ್ಕು ವಾರಗಳ ಸಂತೋಷವನ್ನು ತಿಂದುಹಾಕುವುದು ಕೆಲಸ ಜಾಸ್ತಿ ಎಂಬ ಸಂಗತಿಗಿಂತ ಅದು ಒಂದೇ ಜೋಡಿ ಕೈಗೆ ಬಿದ್ದಿದೆ ಎಂಬ ಸಂಗತಿ. ಕೆಲಸ ಹಂಚಿಕೆಯಾದಲ್ಲಿ ಸಂತೋಷಕ್ಕೆ ಬಾಗಿಲು ತೆರೆಯುತ್ತದೆ, ಹಂಚದಿದ್ದಲ್ಲಿ ಎಷ್ಟು ಮೇಣದಬತ್ತಿ ಹಚ್ಚಿದರೂ ಇಲ್ಲ. ನಿಮ್ಮ ಮೂರನೆಯ ಭಾನುವಾರವನ್ನೇ ತೆಗೆದುಕೊಳ್ಳಿ. ನೇರಳೆಯ ಬದಲು ಗುಲಾಬಿ ಬಣ್ಣ ಉಡುವ ಸಂತೋಷದ ಭಾನುವಾರ ಅದು. ಆ ದಿನ ಮೂರು ವರ್ಷಕ್ಕೊಮ್ಮೆ ಲೂಕನ ಮೂರನೆಯ ಅಧ್ಯಾಯ ಓದುತ್ತೀರಿ. 2024ರಲ್ಲೂ ಅದೇ ಬಂದಿತ್ತು. ಜನ ಸ್ನಾನಿಕ ಯೋಹಾನನನ್ನು ಹುಡುಕಿಕೊಂಡು ಅರಣ್ಯಕ್ಕೆ ಹೋಗಿ 'ನಾವೇನು ಮಾಡಬೇಕು' ಎಂದು ಕೇಳುತ್ತಾರೆ. ಮೌನವೇ ಮದ್ದಾಗಿದ್ದರೆ 'ಇಲ್ಲಿಯೇ ಇರಿ' ಎಂದು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಅವನು ಹಾಗೆ ಹೇಳಲಿಲ್ಲ. ಎರಡು ಅಂಗಿ ಇರುವವನಿಗೆ ಒಂದನ್ನು ಕೊಡಲು ಹೇಳಿದ, ಸುಂಕದವರಿಗೆ ನೇಮಕವಾದದ್ದಕ್ಕಿಂತ ಹೆಚ್ಚು ಕೇಳಬೇಡಿ ಎಂದ, ಸಿಪಾಯಿಗಳಿಗೆ ಸಂಬಳದಲ್ಲಿ ತೃಪ್ತರಾಗಿರಲು ಹೇಳಿದ. ಎಲ್ಲರನ್ನೂ ಅವರವರ ಕೆಲಸಕ್ಕೆ ವಾಪಸು ಕಳಿಸಿದ, ಕೆಲಸದ ರೀತಿ ಬದಲಿಸಲು ಹೇಳಿ. ಸಂತೋಷದ ಭಾನುವಾರಕ್ಕೆ ಚರ್ಚು ಆರಿಸಿಕೊಂಡ ಓದು ಇದು.

ಬ್ಯಾಂಕಿನವರು: ಅದೇ ಲೂಕ ಹತ್ತನೆಯ ಅಧ್ಯಾಯದಲ್ಲಿ ಮಾರ್ಥ ಮರಿಯರ ಕಥೆಯನ್ನೂ ಬರೆದಿದ್ದಾನಲ್ಲ. ಮಾರ್ಥ ಅಡುಗೆಯಲ್ಲಿ ಒದ್ದಾಡುತ್ತಾಳೆ, ತಂಗಿ ಮರಿಯ ಪ್ರಭುವಿನ ಪಾದದ ಬಳಿ ಕೂತು ಕೇಳುತ್ತಾಳೆ. ಮಾರ್ಥ ನೀವು ಹೇಳಿದ ಹಂಚಿಕೆಯನ್ನೇ ಕೇಳಿದಳು, ತಂಗಿಗೆ ನೆರವಾಗಲು ಹೇಳು ಎಂದಳು. ಯೇಸು ಒಪ್ಪಲಿಲ್ಲ, ಕೂತವಳೇ ಒಳ್ಳೆಯ ಪಾಲನ್ನು ಆರಿಸಿಕೊಂಡಳು ಎಂದ. ಇದಕ್ಕೆ ಎಂತ ಹೇಳುತ್ತೀರಿ?

ಟೀಚರ್: ಇದು ಗಟ್ಟಿ ಆಕ್ಷೇಪ, ಹಾರಿಸಿಬಿಡುವ ಹಾಗಿಲ್ಲ. ಆದರೆ ಆ ಕಥೆ ಎಲ್ಲಿ ಉಂಟು ನೋಡಿ. ಅದಕ್ಕೆ ತಗುಲಿಯೇ ಹಿಂದೆ ಒಳ್ಳೆಯ ಸಮಾರ್ಯದವನ ಸಾಮ್ಯ ಇದೆ. ಅಲ್ಲಿ ದಾರಿಯಲ್ಲಿ ಬಿದ್ದವನನ್ನು ಕಂಡು ಮಗ್ಗುಲಾಗಿ ಹೋದವರು ದೇವಾಲಯದ ಯಾಜಕ ಮತ್ತು ಲೇವಿ. ಕೆಲಸಕ್ಕೆ ಇಳಿದವನು ಪರದೇಶಿ. ಗಾಯ ಕಟ್ಟಿದ, ಕತ್ತೆಯ ಮೇಲೆ ಕೂರಿಸಿದ, ಚಾವಡಿಯವನಿಗೆ ದುಡ್ಡು ಕೊಟ್ಟ. ಹೋಗಿ ಹಾಗೆಯೇ ಮಾಡು ಎಂದು ಹೇಳಿದ ಬಾಯಿಯೇ ಮರುಕ್ಷಣ ಕೆಲಸವೆಲ್ಲ ವ್ಯರ್ಥ ಎನ್ನುವುದು ಹೇಗೆ? ಮಾರ್ಥಳಿಗೆ ಯೇಸು ಹೇಳಿದ್ದು ಅವಳ ಸೇವೆಯ ಬಗ್ಗೆ ಅಲ್ಲವೇ ಅಲ್ಲ, ಅನೇಕ ವಿಷಯಗಳ ಬಗ್ಗೆ ಅವಳು ಹಚ್ಚಿಕೊಂಡ ಚಿಂತೆಯ ಬಗ್ಗೆ. ಅಂದರೆ ಪಟ್ಟಿ ಉದ್ದವಾಯಿತು ಎಂಬುದು ಆಕ್ಷೇಪ. ನಮ್ಮಲ್ಲಿ ಹತ್ತು ಬಗೆಯ ಕುಸ್ವಾರ್ ಆಗಲೇಬೇಕು ಎನ್ನುವ ಹಟ ಉಂಟಲ್ಲ, ಅದರ ಮೇಲೆ ಈ ಮಾತು ನೇರ ಬಂದು ಕೂರುತ್ತದೆ. ನಮ್ಮ ಶರಣ ಪರಂಪರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯೂ ಇದೇ ತಾನೇ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಬಿದ್ದಲ್ಲಿಗೇ ಸುರಿದು ಬರಲು ಅವಳು ಹೇಳಿದಳು. ಕಾಯಕ ಬಿಡು ಎಂದಳೇ? ಇಲ್ಲ. ಇನ್ನೊಂದು ಸಂಗತಿ. ಯೇಸು ಅವತ್ತು ಮರಿಯಳನ್ನು ಎಬ್ಬಿಸಿ ಕಳಿಸಲಿಲ್ಲ, ಸರಿ. ಆದರೆ ಹೆಣ್ಣೊಬ್ಬಳು ಗುರುವಿನ ಎದುರು ಶಿಷ್ಯನ ಜಾಗದಲ್ಲಿ ಕೂತಾಗ ಅವಳನ್ನು ಎಬ್ಬಿಸಿ ಅಡುಗೆಮನೆಗೆ ಅಟ್ಟದೇ ಇದ್ದದ್ದು ಆ ಕಾಲಕ್ಕೆ ಎಷ್ಟು ದೊಡ್ಡ ಮಾತು! ಆ ಮನೆಯಲ್ಲಿ ಅವತ್ತು ಬೇರೆ ಗಂಡಸರು ಇದ್ದರೋ ಇಲ್ಲವೋ ಲೂಕ ಹೇಳುವುದಿಲ್ಲ. ಇದ್ದಿದ್ದರೆ ಮಾರ್ಥ ಅವರನ್ನು ಕರೆಯುವ ಯೋಚನೆಯನ್ನೇ ಮಾಡುತ್ತಿರಲಿಲ್ಲವೇನೋ. ನಮ್ಮ ಮನೆಗಳಲ್ಲೂ ಹಾಗೆಯೇ.

ಬ್ಯಾಂಕಿನವರು: ಹಾಗಾದರೆ ಇನ್ನೊಂದು ದಾರಿ ಹಿಡಿಯುತ್ತೇನೆ. ಕೆಲಸವನ್ನು ಬಿಡುವುದೂ ಬೇಡ, ಹಂಚುವುದೂ ಬೇಡ, ಮನಸ್ಸು ಬದಲಾದರೆ ಸಾಕು. ಹದಿನೇಳನೆಯ ಶತಮಾನದ ಪ್ಯಾರಿಸಿನಲ್ಲಿ ಬ್ರದರ್ ಲಾರೆನ್ಸ್ ಎಂಬ ಕಾರ್ಮೆಲ್ ಸಭೆಯ ಸಹೋದರ ಇದ್ದ. ಮೊದಲು ಸಿಪಾಯಿ, ಆಮೇಲೆ ಮಠದ ಅಡುಗೆಯವ. ಅಡುಗೆ ಅವನಿಗೆ ಸ್ವಭಾವತಃ ಹಿಡಿಸದ ಕೆಲಸ, ಆದರೂ ಪಾತ್ರೆಗಳ ನಡುವೆ ದೇವರ ಸನ್ನಿಧಿಯನ್ನು ಅನುಭವಿಸಿದ. ಅವನಿಗಿಂತ ಮುಂಚೆ ಆವಿಲಾದ ತೆರೇಸಾ ತನ್ನ ಸಹೋದರಿಯರಿಗೆ ಪ್ರಭು ಅಡುಗೆಮನೆಯ ಪಾತ್ರೆಗಳ ನಡುವೆಯೂ ಇರುತ್ತಾನೆ ಎಂದು ಬರೆದಿದ್ದಳು. ಅದೇ ಕಾರ್ಮೆಲ್ ಸಭೆಯ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದವರು, ಅವರ ಮಠಗಳು ಇಂದಿಗೂ ಇಲ್ಲಿವೆ. ಈ ಮಾತು ನಮಗೆ ಹೊರಗಿನದಲ್ಲ. ನೆವ್ರ್ಯೊ ಮಡಚುವ ಹೆಂಗಸು ಅದನ್ನೇ ಪ್ರಾರ್ಥನೆ ಮಾಡಿಕೊಳ್ಳಬಹುದಲ್ಲ?

ಟೀಚರ್: ಮಾಡಿಕೊಳ್ಳಬಹುದು, ಮಾಡಿಕೊಂಡವರೂ ಎಷ್ಟೋ ಮಂದಿ. ಆದರೆ ಆ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದರ ಮೇಲೆ ಅದರ ಬೆಲೆ. ಲಾರೆನ್ಸ್ ತನ್ನ ಬಗ್ಗೆ ಹೇಳಿಕೊಂಡದ್ದು ಅನುಭವ. ಅದನ್ನೇ ಸೋಫಾದಲ್ಲಿ ಕೂತವನು ಒಲೆಯ ಮುಂದೆ ನಿಂತವಳಿಗೆ ಹೇಳಿದರೆ ಉಪಾಯ. ಮಠದ ಅಡುಗೆಮನೆಗೂ ನಮ್ಮ ಅಡುಗೆಮನೆಗೂ ಒಂದು ವ್ಯತ್ಯಾಸ ಇದೆ. ಮಠದಲ್ಲಿ ಕೆಲಸವನ್ನು ನಿಯಮ ಹಂಚುತ್ತದೆ. ಲಾರೆನ್ಸ್‌ಗೂ ಪ್ರಾರ್ಥನೆಯ ಗಂಟೆಗಳು ಇದ್ದವು. ಕಾಲು ಸೋತಾಗ ಅವನನ್ನು ಕೂತು ಮಾಡುವ ಚಪ್ಪಲಿ ರಿಪೇರಿಗೆ ಹಾಕಿದರು. ಇದಕ್ಕಿಂತ ಸಾವಿರ ವರ್ಷ ಹಿಂದೆ, ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠಗಳಿಗೆ ಬರೆದ ನಿಯಮಾವಳಿಯ 35ನೆಯ ಅಧ್ಯಾಯ ಪೂರ್ತಿ ಅಡುಗೆಮನೆಯ ಪಾಳಿಯ ಬಗ್ಗೆ. ಸಹೋದರರು ವಾರಕ್ಕೊಬ್ಬರಂತೆ ಒಬ್ಬರಿಗೊಬ್ಬರು ಬಡಿಸಬೇಕು. ಕಾಯಿಲೆ ಬಿದ್ದವರು, ಮಠಕ್ಕೆ ಅತ್ಯಗತ್ಯವಾದ ಕೆಲಸದಲ್ಲಿ ಇರುವವರು ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ. ಪಾಳಿ ಮುಗಿಸುವವನು ಶನಿವಾರ ಬಟ್ಟೆ ಒಗೆದು, ಪಾತ್ರೆಗಳನ್ನು ಶುಚಿಯಾಗಿ ಒಪ್ಪಿಸಬೇಕು. ಇವೆಲ್ಲದರ ನಡುವೆ ಆತ ಒಂದು ಮಾತು ಸೇರಿಸುತ್ತಾನೆ: ಶಕ್ತಿ ಸಾಲದವರಿಗೆ ನೆರವು ಕೊಡಬೇಕು, ಅವರು ಈ ಸೇವೆಯನ್ನು ದುಃಖದಿಂದ ಮಾಡುವಂತಾಗಬಾರದು. ನೋಡಿ, ದುಃಖ ಬಾರದಿರಲು ಬೆನೆಡಿಕ್ಟ್ ಜಪ ಹೇಳಿಕೊಡಲಿಲ್ಲ, ಇನ್ನೊಬ್ಬ ಸಹೋದರನನ್ನು ಕಳಿಸಿದ. ಸನ್ಯಾಸಿಗಳಿಗೇ ಬರೇ ಮನಸ್ಸಿನ ಬದಲಾವಣೆ ಸಾಕಾಗದಿದ್ದರೆ ಕಂಕನಾಡಿಯ ಫ್ಲ್ಯಾಟಿನಲ್ಲಿ ಆಫೀಸು ಮುಗಿಸಿ ಬಂದು ಹಿಟ್ಟು ನಾದುವವಳಿಗೆ ಹೇಗೆ ಸಾಕು?

ಬ್ಯಾಂಕಿನವರು: ಒಪ್ಪಿದೆ, ಮನೆಗೆಲಸದಲ್ಲಿ ನ್ಯಾಯ ಬೇಕು. ಆದರೆ ಅದು ನ್ಯಾಯದ ಮಾತಾಯಿತು. ನಾನು ಕೇಳುತ್ತಿರುವುದು ಸಂತೋಷದ ಬಗ್ಗೆ. ಅದು ಪವಿತ್ರಾತ್ಮನ ಫಲ, ಕೃಪೆಯಿಂದ ಬರುವುದು, ಪಾಳಿ ಪಟ್ಟಿ ಗೋಡೆಗೆ ಅಂಟಿಸಿದರೆ ಬರುವುದಲ್ಲ. ನೀವು ಸಮಾಜಶಾಸ್ತ್ರವನ್ನು ದೈವಶಾಸ್ತ್ರ ಎಂದು ಮಾರುತ್ತಿದ್ದೀರಿ ಟೀಚರ್.

ಟೀಚರ್: ಹಾಗಾದರೆ ಸಂತೋಷದ ಬಗ್ಗೆಯೇ ಬರೆದ ಕಾಗದವನ್ನು ತೆರೆಯೋಣ. ಮೂರನೆಯ ಭಾನುವಾರಕ್ಕೆ ಆ ಹೆಸರು ಬಂದದ್ದು ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಿಂದ, ಪ್ರಭುವಿನಲ್ಲಿ ಯಾವಾಗಲೂ ಸಂತೋಷಪಡಲು ಅವನು ಹೇಳುವ ಜಾಗದಿಂದ. ಅವನು ಅದನ್ನು ಬರೆದದ್ದು ಸೆರೆಯಿಂದ. ಹೊರಗಿನ ಪರಿಸ್ಥಿತಿ ಹೇಗಿದ್ದರೂ ಒಳಗೆ ಸಂತೋಷ ಇರಬಹುದು ಎಂಬುದಕ್ಕೆ ಪ್ರವಚನಕಾರರು ಇದನ್ನೇ ಎತ್ತಿ ತೋರಿಸುತ್ತಾರೆ, ಅದು ತಪ್ಪೂ ಅಲ್ಲ. ಆದರೆ ಆ ಸೆರೆಮನೆಯಲ್ಲಿ ಅವನು ಒಬ್ಬನೇ ಕೂತು ಒಳಮುಖಿಯಾಗಿ ಸಂತೋಷ ಕಂಡುಕೊಂಡ ಎಂದು ತಿಳಿದರೆ ಪತ್ರವನ್ನು ಪೂರಾ ಓದಿಲ್ಲ ಎಂದೇ ಅರ್ಥ. ಫಿಲಿಪ್ಪಿಯ ಸಭೆ ಎಪಫ್ರೊದೀತನ ಕೈಯಲ್ಲಿ ಅವನಿಗೆ ಕೊಡುಗೆ ಕಳಿಸಿತ್ತು. ತಂದವನು ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿ ಬದುಕಿದ. ಅವನನ್ನು ಊರಿಗೆ ಕಳಿಸುತ್ತಿದ್ದೇನೆ, ಅವನನ್ನು ನೋಡಿ ನೀವು ಸಂತೋಷಪಡುವಿರಿ, ನನ್ನ ದುಃಖವೂ ಕಡಿಮೆಯಾದೀತು ಎಂದು ಪೌಲ ಬರೆಯುತ್ತಾನೆ. ನಾಲ್ಕೇ ಅಧ್ಯಾಯದ ಆ ಕಾಗದದಲ್ಲಿ ಸಂತೋಷ ಬಂದಲ್ಲೆಲ್ಲ ಒಬ್ಬ ಮನುಷ್ಯ ಇನ್ನೊಬ್ಬನ ಭಾರ ಹೊತ್ತ ಸಂಗತಿ ಹತ್ತಿರದಲ್ಲೇ ಇರುತ್ತದೆ. ಈಗ ನಿಮ್ಮ ಭಾನುವಾರದ ಓದಿಗೆ ಬನ್ನಿ. ಅದು ನಾಲ್ಕನೆಯ ವಚನದಿಂದ ಏಳರವರೆಗೆ. ಎರಡು ಮತ್ತು ಮೂರನೆಯ ವಚನ ಅದರಲ್ಲಿ ಇಲ್ಲ. ಅವುಗಳಲ್ಲಿ ಏನುಂಟು ಗೊತ್ತೇ? ಯುವೊದ್ಯ, ಸುಂತುಕೆ ಎಂಬ ಇಬ್ಬರು ಹೆಂಗಸರ ಹೆಸರು. ಸುವಾರ್ತೆಗಾಗಿ ಪೌಲನ ಜೊತೆ ಹೆಗಲು ಕೊಟ್ಟು ದುಡಿದವರು, ಈಗ ಅವರ ನಡುವೆ ಮನಸ್ತಾಪ. ಒಂದೇ ಮನಸ್ಸಾಗಿರಿ ಎಂದು ಅವರಿಗೆ ಬೇಡಿಕೊಂಡ ಮೇಲೆ ಪೌಲ ಹೆಸರು ಹೇಳದ ಒಬ್ಬ ಜೊತೆಗಾರನ ಕಡೆ ತಿರುಗಿ, ಈ ಹೆಂಗಸರಿಗೆ ನೆರವಾಗು ಎಂದು ಕೇಳಿಕೊಳ್ಳುತ್ತಾನೆ. ಅದಾದ ಮೇಲೆ ಬರುವುದು ಸಂತೋಷಪಡಿ ಎಂಬ ಮಾತು. ಮೊದಲು ನೆರವು, ಆಮೇಲೆ ಸಂತೋಷ. ಓದಿನ ಪಟ್ಟಿ ಮಾಡಿದವರು ಮೊದಲನೆಯದನ್ನು ಹೊರಗಿಟ್ಟು ಎರಡನೆಯದನ್ನು ಮಾತ್ರ ನಮಗೆ ಕೊಟ್ಟರು. ಉದ್ದೇಶಪಟ್ಟು ಮಾಡಿದ್ದೆಂದು ನಾನು ಹೇಳುವುದಿಲ್ಲ. ಓದು ಚಿಕ್ಕದಾಗಿರಲಿ, ಹೆಸರುಗಳ ಗೋಜು ಬೇಡ ಎಂದುಕೊಂಡಿರಬಹುದು. ಆದರೂ ನಮ್ಮ ಡಿಸೆಂಬರ್ ನಡೆಯುವುದು ಹಾಗೆಯೇ ತಾನೇ? ನೆರವಿನ ಭಾಗವನ್ನು ಕತ್ತರಿಸಿಟ್ಟು, ಸಂತೋಷ ಯಾಕೆ ಬರಲಿಲ್ಲ ಎಂದು ಕೇಳುತ್ತೇವೆ.

ಬ್ಯಾಂಕಿನವರು: ಸ್ವಲ್ಪ ನಿಲ್ಲಿ. ಅಲ್ಲಿ ಪೌಲ ಕೇಳಿದ ನೆರವು ಜಗಳ ಬಿಡಿಸುವ ನೆರವು. ಹಿಟ್ಟು ನಾದುವ ಮಾತು ಆ ಕಾಗದದಲ್ಲಿ ಎಲ್ಲೂ ಇಲ್ಲ. ನಿಮಗೆ ಬೇಕಾದ್ದನ್ನು ಅದರೊಳಗೆ ತುರುಕುತ್ತಿದ್ದೀರಿ. ಮತ್ತೆ, ಹೆಂಗಸರಿಗೆ ಕುಸ್ವಾರ್ ಮಾಡುವುದೇ ಸಂತೋಷ ಎಂಬುದನ್ನೂ ಯೋಚಿಸಬೇಕು. ಅಡುಗೆಮನೆಗೆ ಗಂಡಸರು ಕಾಲಿಟ್ಟರೆ ಕೆಲಸ ಕೆಡುತ್ತದೆ ಎನ್ನುವ ಅಮ್ಮಂದಿರು ಎಷ್ಟು ಬೇಕು!

ಟೀಚರ್: ಮೊದಲನೆಯದಕ್ಕೆ ನಾನು ಅರ್ಧ ಸೋತೆ ಎನ್ನಿ. ಅದು ರಾಜಿ ಮಾಡಿಸುವ ನೆರವೇ. ಆದರೆ ಒಟ್ಟಿಗೆ ದುಡಿದವರ ನಡುವೆ ಜಗಳ ಯಾವುದರಿಂದ ಬರುತ್ತದೆ? ಯುವೊದ್ಯ ಸುಂತುಕೆಯರದು ಯಾವುದರಿಂದ ಬಂತೋ ಪೌಲ ಹೇಳಲಿಲ್ಲ. ನಮ್ಮ ಊರಿನದು ನನಗೆ ಗೊತ್ತು. ಗೋದಲಿಗೆ ಯಾರು ಹೆಚ್ಚು ಕೆಲಸ ಮಾಡಿದರು, ಯಾರ ಹೆಸರು ಮೈಕಿನಲ್ಲಿ ಬಂತು, ಅತ್ತಿಗೆ ಯಾಕೆ ಕೈ ಹಾಕಲಿಲ್ಲ. ಹಂಚಿಕೆ ಕೆಟ್ಟಲ್ಲಿ ಮನಸ್ಸು ಕೆಡುತ್ತದೆ. ಇನ್ನು ನಿಮ್ಮ ಎರಡನೆಯ ಮಾತು. ಕುಸ್ವಾರ್ ಮಾಡುವುದು ಸಂತೋಷ ಎಂಬುದು ನಿಜ, ನಾನು ಹೇಳುವುದಕ್ಕೆ ಅದೇ ಸಾಕ್ಷಿ. ಆ ಸಂತೋಷ ಎಲ್ಲಿಂದ ಬಂತು? ಕಿಡ್ಯೊ ಮಾಡುವ ಕೆಲಸ ನೋಡಿ. ಹಿಟ್ಟಿನ ಸಣ್ಣ ಉಂಡೆಯನ್ನು ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನಿನ ಮೇಲೋ ಒತ್ತಿ ಗೆರೆ ಬರುವಂತೆ ಸುರುಳಿ ಸುತ್ತಬೇಕು, ನೂರಾರು ಸಲ. ಒಬ್ಬರೇ ಮಾಡಿದರೆ ಅದು ಶಿಕ್ಷೆ. ಆದ್ದರಿಂದ ಮಕ್ಕಳು, ಅಜ್ಜಿ, ಪಕ್ಕದ ಮನೆಯವರು ಮೇಜಿನ ಸುತ್ತ ಕೂತು ಮಾಡುವ ಕೆಲಸವಾಗಿ ಅದು ಬೆಳೆದುಬಂತು. ಮಾತು, ನಗೆ, ನಡುನಡುವೆ ಹಾಡು. ತಿಂಡಿಯ ಸ್ವರೂಪದಲ್ಲಿಯೇ ಹಂಚಿಕೆ ಸೇರಿಕೊಂಡಿತ್ತು. ಹಲವು ಕೈಗಳ ಆ ಕೆಲಸ ಒಬ್ಬಳ ಕೈಗೆ ಬಂದಾಗ ತಿಂಡಿ ಉಳಿದುಕೊಂಡಿತು, ಸಂತೋಷ ಹೋಯಿತು. ಅಮ್ಮಂದಿರು 'ನೀವು ಬರಬೇಡಿ' ಎನ್ನುವುದು ಮೂವತ್ತು ವರ್ಷ ಯಾರೂ ಬಾರದೇ ಇದ್ದುದರ ಫಲ. ಹಂಪನಕಟ್ಟೆಯಿಂದ ಕಿಲೋ ಲೆಕ್ಕದಲ್ಲಿ ಪ್ಯಾಕೆಟ್ ತಂದರೆ ತಪ್ಪೇನೂ ಇಲ್ಲ, ಅದರಿಂದ ಮನೆಯಲ್ಲಿ ಮಾಡಿ ಮಾರುವ ಎಷ್ಟೋ ಹೆಂಗಸರಿಗೆ ಡಿಸೆಂಬರಿನಲ್ಲಿ ನಾಲ್ಕು ಕಾಸು ಸಿಗುತ್ತದೆ. ಉಳಿದ ಹೊತ್ತು ಏನಾಯಿತು ಎಂಬುದಷ್ಟೇ ನನ್ನ ಪ್ರಶ್ನೆ.

ಬ್ಯಾಂಕಿನವರು: ನಿಮ್ಮ ಇಡೀ ವಾದ ತುಂಬಿದ ಮನೆಯ ಬಗ್ಗೆ. ನನ್ನ ವಾಡೊದಲ್ಲಿ ಸುತ್ತಿದರೆ ಸಿಗುವುದು ಬೇರೆ. ಮಕ್ಕಳು ದುಬೈ, ಕುವೈತ್, ಕೆನಡಾ, ಆಸ್ಟ್ರೇಲಿಯಾ. ದೊಡ್ಡ ಹೆಂಚಿನ ಮನೆಯಲ್ಲೋ ಹೊಸ ಅಪಾರ್ಟ್‌ಮೆಂಟಿನಲ್ಲೋ ಎಪ್ಪತ್ತು ದಾಟಿದ ಒಬ್ಬರೇ ಅಥವಾ ಇಬ್ಬರು. ಅವರಿಗೆ ಗಡಿಬಿಡಿಯೇ ಇಲ್ಲ, ಹಂಚಲು ಕೆಲಸವೂ ಇಲ್ಲ. ಕ್ಯಾರಲ್ ತಂಡ ಬಂದು ಎರಡು ಹಾಡು ಹಾಡಿ, ಕಾಣಿಕೆ ಡಬ್ಬಿ ತೋರಿಸಿ ಮುಂದಿನ ಮನೆಗೆ ಓಡುತ್ತದೆ, ರಾತ್ರಿಗೆ ಅರುವತ್ತು ಮನೆ ಮುಗಿಸಬೇಕು ನೋಡಿ. ಅವರ ಸಂತೋಷಕ್ಕೆ ನಿಮ್ಮ ಪಾಳಿ ಪಟ್ಟಿ ಏನು ಮಾಡುತ್ತದೆ?

ಟೀಚರ್: ನೀವು ಈಗ ಹೇಳಿದ್ದು ನನ್ನ ವಾದವನ್ನು ಕೆಡವುವುದಿಲ್ಲ, ಪೂರ್ತಿ ಮಾಡುತ್ತದೆ. ಒಂದು ಮನೆಯಲ್ಲಿ ಉಸಿರಾಡಲು ಹೊತ್ತಿಲ್ಲ, ಆಚೆ ಮನೆಯಲ್ಲಿ ಹೊತ್ತು ಕಳೆಯುವುದಿಲ್ಲ. ಎರಡು ಬಾಗಿಲಿನ ನಡುವೆ ಹತ್ತು ಅಡಿ ಜಾಗ. ಅಲ್ಲಿಯ ದಣಿವು, ಇಲ್ಲಿಯ ಒಂಟಿತನ ಬೇರೆ ಬೇರೆ ಕಾಯಿಲೆಗಳೆಂದು ನಾವು ಬೇರೆ ಬೇರೆ ಪ್ರವಚನ ಮಾಡುತ್ತೇವೆ. ನನಗೆ ಅವೆರಡೂ ಒಂದೇ ಅನಿಸುತ್ತದೆ. ಆಗಮನ ಕಾಲದ ಕೊನೆಯ ಭಾನುವಾರಕ್ಕೆ, ಅದೇ ಲೂಕನ ಓದು ಬರುವ ವರ್ಷದಲ್ಲಿ, ಚರ್ಚು ಇಟ್ಟ ಓದು ಯಾವುದು? ಯೇಸುವಿನ ತಾಯಿ ಮರಿಯಳು ಎಲಿಸಬೇತಳ ಮನೆಗೆ ಹೋದದ್ದು. ದೇವದೂತನ ಮಾತು ಕೇಳಿದ ಹುಡುಗಿ ನಜರೇತಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಧ್ಯಾನಕ್ಕೆ ಕೂತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವಳು ಅವಸರದಿಂದ ಬೆಟ್ಟದ ಸೀಮೆಗೆ ಹೊರಟಳು ಎಂದು ಲೂಕ ಬರೆಯುತ್ತಾನೆ. ಅವಸರ ಎಂಬುದನ್ನು ಆತ ದೋಷವಾಗಿ ಹೇಳುತ್ತಿಲ್ಲ. ಅಲ್ಲಿ ಇರುವವಳು ಮುಪ್ಪಿನಲ್ಲಿ ಗರ್ಭಿಣಿಯಾದ ಹೆಂಗಸು, ಐದು ತಿಂಗಳು ಮನೆಯೊಳಗೇ ಮರೆಯಾಗಿ ಇದ್ದವಳು; ಗಂಡ ಜಕರೀಯನಿಗೆ ಮಾತು ನಿಂತುಹೋಗಿದೆ. ಮೌನಕ್ಕೆ ಆ ಮನೆಯಲ್ಲಿ ಏನೂ ಕೊರತೆ ಇರಲಿಲ್ಲ ಮಾರಾಯ್ರೆ! ಮರಿಯಳು ಹೊಸ್ತಿಲು ದಾಟಿ ವಂದಿಸಿದಾಗ ಹೊಟ್ಟೆಯ ಮಗು ಸಂತೋಷದಿಂದ ನಲಿದಾಡಿತಂತೆ. ಹೊಸ್ತಿಲಿನಲ್ಲಿ, ಮುದುಕಿಗೂ ಹುಡುಗಿಗೂ ನಡುವೆ. ಮರಿಯಳು ಸ್ತುತಿ ಹಾಡಿದ್ದು ಆಮೇಲೆ. ಹಾಡಿ ಮುಂದಿನ ಮನೆಗೆ ಓಡಲಿಲ್ಲ, ಹೆಚ್ಚುಕಡಿಮೆ ಮೂರು ತಿಂಗಳು ಅಲ್ಲೇ ಇದ್ದಳು. ನಿಮ್ಮ ಕ್ಯಾರಲ್ ತಂಡ ಅರುವತ್ತು ಮನೆಯ ಬದಲು ಹತ್ತು ಮನೆಗೆ ಹೋಗಿ, ಆ ಅಜ್ಜಿಯ ಮೇಜಿನ ಮೇಲೆ ಹಿಟ್ಟು ಹರಡಿ ಕಿಡ್ಯೊ ಸುತ್ತಿಕೊಂಡು ಎರಡು ಗಂಟೆ ಕೂತರೆ ಹಾಡು ತಾನಾಗಿ ಬರುತ್ತದೆ. ಕೈಗೆ ನೆನಪಿರುವ ಕೆಲಸ ಅವರದು. ಅಳತೆ ಹೇಳಿಕೊಡುವವರು ಅವರೇ. ನೆರವು ಯಾರು ಯಾರಿಗೆ ಕೊಟ್ಟರು ಎಂದು ಆಗ ಲೆಕ್ಕ ಹಾಕುವುದು ಕಷ್ಟ. ಇದರಲ್ಲಿ ಹೊಸತೇನೂ ಇಲ್ಲ. ಕುಸ್ವಾರ್ ತಟ್ಟೆ ಕಸೂತಿ ಬಟ್ಟೆ ಮುಚ್ಚಿಕೊಂಡು ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೆ ಹೋಗುವುದು ಈಗಲೂ ಉಂಟು. ಸಾವಾದ ಮನೆಯಲ್ಲಿ ಆ ವರ್ಷ ಬಾಣಲೆ ಇಡದೆ, ನೆಂಟರೂ ನೆರೆಯವರೂ ಅವರ ಪಾಲಿನ ತಿಂಡಿ ಕಳಿಸುವ ರೂಢಿ ಹಲವು ಕಡೆ ಇದೆ. ನಾವು ಆಗಮನದ ಚಕ್ರಕ್ಕೆ ವಾರಕ್ಕೊಂದು ಮೇಣದಬತ್ತಿ ಹಚ್ಚುತ್ತೇವಲ್ಲ, ಅದನ್ನು 1839ರಲ್ಲಿ ಮೊದಲು ಮಾಡಿದ ವಿಖೆರ್ನ್ ಎಂಬ ಲುಥೆರನ್ ದೈವಶಾಸ್ತ್ರಜ್ಞ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ವಸತಿ ನಡೆಸುತ್ತಿದ್ದವನು. ಹಬ್ಬ ಯಾವಾಗ, ಇನ್ನೆಷ್ಟು ದಿನ ಎಂದು ಪೀಡಿಸುತ್ತಿದ್ದ ಮಕ್ಕಳಿಗಾಗಿ ಅವನು ಒಂದು ಗಾಡಿಯ ಚಕ್ರಕ್ಕೆ ಬತ್ತಿಗಳನ್ನು ಸಿಕ್ಕಿಸಿದ. ಗದ್ದಲದ ಮನೆಯಲ್ಲಿ ಹುಟ್ಟಿದ ವಸ್ತು ಅದು.

ಬ್ಯಾಂಕಿನವರು: ಆದರೂ ಪ್ರಾರ್ಥನೆ? ಎಲ್ಲರೂ ಹಿಟ್ಟು ನಾದಿಕೊಂಡು, ನೆರೆಯ ಮನೆಗೆ ಹೋಗಿಕೊಂಡು ಇದ್ದರೆ ದೇವರ ಮುಂದೆ ಮೊಣಕಾಲೂರುವುದು ಯಾವಾಗ? ಒಳ್ಳೆಯ ನೆರೆಹೊರೆ ಇದ್ದರೆ ಸಾಕು ಎನ್ನುವುದಾದರೆ ಆಗಮನ ಕಾಲವೇ ಯಾಕೆ ಬೇಕು?

ಟೀಚರ್: ಇದಕ್ಕೆ ನನ್ನಲ್ಲಿ ಮರುವಾದ ಇಲ್ಲ, ಪ್ರಾರ್ಥನೆಗೆ ಅದರದ್ದೇ ಹೊತ್ತು ಬೇಕು. ಕೆಲಸವೇ ಪ್ರಾರ್ಥನೆ ಎಂದು ಹೇಳಿಕೊಂಡು ಪ್ರಾರ್ಥನೆ ಬಿಟ್ಟವರ ಕೆಲಸದಲ್ಲೂ ಕೊನೆಗೆ ಬಿಸಿ ಇರುವುದಿಲ್ಲ. ಆದರೆ ದುಡಿಯುವ ಜನ ಆ ಹೊತ್ತನ್ನು ಎಲ್ಲಿ ಕಂಡುಕೊಂಡರು ನೋಡಿ. ಫಿಲಿಪ್ಪೀನ್ಸ್‌ನಲ್ಲಿ ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ನಸುಕಿನಲ್ಲಿ ಪೂಜೆ ನಡೆಯುತ್ತದೆ. ರೈತರು ಗದ್ದೆಗೆ ಇಳಿಯುವ ಮೊದಲು ಬಂದು ಹೋಗಲಿ ಎಂದು ಬೆಳೆದುಬಂದ ರೂಢಿ ಎನ್ನುತ್ತಾರೆ. ನಮ್ಮ ಊರಿನಲ್ಲೇ ಹೆಚ್ಚುಕಡಿಮೆ ಅದೇ ದಿನ ಧನುರ್ಮಾಸ ಶುರುವಾಗುತ್ತದೆ. ಹಿಂದೂಗಳಲ್ಲಿ ಆ ತಿಂಗಳು ಮದುವೆ ಮುಂಜಿ ಇಲ್ಲ, ದೇವಸ್ಥಾನಗಳಲ್ಲಿ ಬೆಳಕು ಹರಿಯುವ ಮೊದಲೇ ಪೂಜೆ. ಕೆಲಸ ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ, ಕೆಲಸಕ್ಕಿಂತ ಮೊದಲು ಬನ್ನಿ ಎಂದರು. ಆದರೂ ನಸುಕಿನಲ್ಲಿ ಎದ್ದು ಹೋದವಳ ಮನೆಯಲ್ಲಿ ಮಕ್ಕಳಿಗೆ ಟಿಫಿನ್ ಕಟ್ಟುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ, ಉತ್ತರ ಮತ್ತೆ ಅಲ್ಲಿಗೇ ಬರುತ್ತದೆ. ನಿಮ್ಮ ಉಪವಾಸವೂ ಹಾಗೆ. ಐದನೆಯ ಶತಮಾನದಲ್ಲಿ ಪೋಪ್ ಮಹಾ ಲಿಯೋ ಡಿಸೆಂಬರಿನ ಉಪವಾಸದ ಬಗ್ಗೆ ಮಾಡಿದ ಪ್ರವಚನಗಳು ಉಳಿದಿವೆ. ಉಪವಾಸದ ಜೊತೆಗೆ ಬಡವರಿಗೆ ಕೊಡುವುದನ್ನು ಆತ ಬಿಡದೆ ಸೇರಿಸುತ್ತಾನೆ. ತಾನು ತಿನ್ನದೆ ಬಿಟ್ಟದ್ದು ಇನ್ನೊಬ್ಬರ ತಟ್ಟೆಗೆ ಹೋಗಬೇಕು. ಒಂಟಿಯಾಗಿ ಮಾಡಿ ಮುಗಿಸುವ ಭಕ್ತಿಯನ್ನು ಈ ಕಾಲ ಯಾವತ್ತೂ ಕೇಳಿದ್ದಿಲ್ಲ.

ಬ್ಯಾಂಕಿನವರು: ಸರಿ, ಗುರ್ಕಾರರ ಸಭೆಯಲ್ಲಿ ಇದನ್ನು ಎತ್ತುತ್ತೇನೆ. ಕ್ಯಾರಲ್ ಮನೆಗಳನ್ನು ಕಡಿಮೆ ಮಾಡುವುದು, ಗೋದಲಿ ಸ್ಪರ್ಧೆಯನ್ನು 25ರ ನಂತರಕ್ಕೆ ಹಾಕುವುದು. ಕ್ರಿಸ್ಮಸ್ ಕಾಲ ಹೇಗೂ ಜನವರಿಯಲ್ಲಿ ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೆ ಉಂಟಲ್ಲ, ನಾವು 26ಕ್ಕೇ ನಕ್ಷತ್ರದ ದೀಪ ಆರಿಸುವುದು ಯಾಕೆ! ಆದರೆ ಮೊದಲ ಆಕ್ಷೇಪ ಏನು ಬರುತ್ತದೆ ಎಂದು ಈಗಲೇ ಹೇಳುತ್ತೇನೆ. ಆಗಮನ ಕಾಲದಲ್ಲಿ ಮದುವೆ ಇಲ್ಲದ ಕಾರಣ, ಗಲ್ಫಿನವರು ರಜೆಯಲ್ಲಿ ಊರಲ್ಲಿರುವ ಕಾರಣ, 26ರಿಂದ ದಿನಕ್ಕೆ ಮದುವೆಗೆ ಮುಂಚಿನ ರೋಸ್ ಶಾಸ್ತ್ರ ಎರಡು, ಮದುವೆ ಮೂರು. ಆಗ ಗೋದಲಿ ನೋಡಲು ಯಾರಿಗೆ ಪುರುಸೊತ್ತು?

ಟೀಚರ್: ಗಂಡಸರಿಗೆ ಇರಲಾರದು, ಕುರ್ಚಿ ಹಾಕಿಸುವುದು, ಕಾರು ಓಡಿಸುವುದು ಎಂದು ಅಲ್ಲಿ ನಿಮಗೇ ಓಡಾಟ. ಹೆಂಗಸರಿಗೆ ಸಿಗುತ್ತದೆ. ಮದುವೆ ಹಾಲಿನಲ್ಲಿ ಅಡುಗೆಗೆ ಕೇಟರಿಂಗಿನವರು ಉಂಟು. ಇಡೀ ಡಿಸೆಂಬರಿನಲ್ಲಿ ಅವರು ಕೂತು ಬಿಸಿಯಾಗಿ ಉಣ್ಣುವುದು ಅಲ್ಲಿ ಮಾತ್ರ. ತೀರ್ಪುಗಾರರು ಬೇಕಿದ್ದರೆ ಊಟ ಮುಗಿಸಿ ಬರುವ ಅವರನ್ನೇ ಕೇಳಿ.